ಮೊಬೈಲಿನಲ್ಲಿದೆ ಸರಿ, ತಲೆಯಲ್ಲಿದೆಯೇ?

ಇಳಕಲ್ಲಿನ ಒಂದು ನೇಕಾರರ ಮನೆಯನ್ನು ಕಲ್ಪಿಸಿಕೊಳ್ಳಿ. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ಮಗಳೊಬ್ಬಳೇ. ಪಿ.ಯು.ಸಿ.ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದಾಳೆ. ಈಗ ಬಿ.ಕಾಂ. ಸೇರಿದ್ದಾಳೆ, ಪಾಠವೆಲ್ಲ ಇಂಗ್ಲಿಷಿನಲ್ಲಿ. ಪ್ರಾಧ್ಯಾಪಕರು ಹಲಗೆಯ ಮೇಲೆ ಬರೆಯುತ್ತಾರೆ, ಬೇಗ ಬೇಗ ವಿವರಿಸುತ್ತಾರೆ. ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ಗಂಟೆ ಬಾರಿಸುವ ಹೊತ್ತಿಗೆ ತರಗತಿಯಲ್ಲಿ ಹತ್ತಿಪ್ಪತ್ತು ಮೊಬೈಲುಗಳು ಒಟ್ಟಿಗೆ ಮೇಲೇಳುತ್ತವೆ. ಹಲಗೆಯ ಫೋಟೋ ತೆಗೆದದ್ದಾಯಿತು. 'ಆಮೇಲೆ ನೋಡಿದರಾಯಿತು' ಎಂಬ ಸಮಾಧಾನದಿಂದ ಅವಳು ಬಸ್ಸು ಹಿಡಿಯುತ್ತಾಳೆ.

ಆ 'ಆಮೇಲೆ' ಬರುವುದು ಪರೀಕ್ಷೆಯ ಹಿಂದಿನ ವಾರ. ಮೊಬೈಲು ತೆರೆದರೆ ನಾನೂರು ಫೋಟೋ. ಹಲಗೆಯ ಚಿತ್ರಗಳ ನಡುವೆ ಅಕ್ಕನ ಮದುವೆ ಇದೆ, ಬನಶಂಕರಿ ಜಾತ್ರೆ ಇದೆ, ಅಪ್ಪ ವ್ಯಾಪಾರಿಗೆ ಕಳಿಸಿದ ಸೀರೆಯ ಸೆರಗಿದೆ. ಯಾವ ಹಲಗೆ ಯಾವ ವಿಷಯದ್ದು, ಯಾವ ದಿನದ್ದು ಎಂಬುದೇ ಗೊತ್ತಾಗುವುದಿಲ್ಲ. ಗೊತ್ತಾದರೂ ಆ ಅಕ್ಷರಗಳು ಅವಳ ಜೊತೆ ಮಾತನಾಡುವುದಿಲ್ಲ. ಆ ದಿನ ಪ್ರಾಧ್ಯಾಪಕರು ಬಾಯಿಂದ ಹೇಳಿದ್ದು ಫೋಟೋದಲ್ಲಿ ಇಲ್ಲವಲ್ಲ!

ಇದು ಸಣ್ಣ ತೊಂದರೆಯೇನೂ ಅಲ್ಲ. ಇಂತಹ ಮನೆಯಲ್ಲಿ ಎರಡು ವಿಷಯ ಉಳಿದುಬಿಟ್ಟರೆ, 'ಓದು ಸಾಕು, ಮಗ್ಗದ ಮುಂದೆ ಕೂಡು' ಎಂಬ ಮಾತು ಬರಲು ಬಹಳ ದಿನ ಬೇಕಾಗುವುದಿಲ್ಲ. ಸಾಲ ಮಾಡಿ ಮೊಬೈಲು ಕೊಡಿಸಿದ ತಂದೆಗೆ ಅದೇ ಮೊಬೈಲು ತಪ್ಪಿತಸ್ಥನಂತೆ ಕಾಣುತ್ತದೆ. ಹಾಗಾದರೆ ತಪ್ಪು ಯಾರದು? ಕಾಲೇಜಿನ ಓದಿಗೆ ಈ ಹೊಸ ಸಲಕರಣೆಗಳು ನಿಜವಾಗಿ ಏನು ಮಾಡಿಕೊಡುತ್ತವೆ, ಏನು ಮಾಡಿಕೊಡಲಾರವು? ಈ ಲೇಖನದಲ್ಲಿ ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮಲಪ್ರಭೆಯ ದಂಡೆಯ ಪಾಠ

ಬಾದಾಮಿ ತಾಲೂಕಿನಲ್ಲಿ, ಮಲಪ್ರಭಾ ನದಿಯ ದಂಡೆಯ ಮೇಲೆ ಶಿವಯೋಗ ಮಂದಿರವಿದೆ. ಹಾನಗಲ್ ಕುಮಾರ ಸ್ವಾಮಿಗಳು 1909ರಲ್ಲಿ ಇದನ್ನು ಸ್ಥಾಪಿಸಿದರು. ಎಳೆಯ ವಟುಗಳಿಗೆ ಶಾಸ್ತ್ರ, ಭಾಷೆ, ಸಂಗೀತ, ಯೋಗ ಕಲಿಸುವ ಕೇಂದ್ರವಾಗಿ ಅದು ಬೆಳೆಯಿತು. ಹಳೆಯ ತಾಡವೋಲೆ ಗ್ರಂಥಗಳನ್ನೂ ಅಲ್ಲಿ ಕೂಡಿಡಲಾಯಿತು.

ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಬೆಳೆದವರಲ್ಲಿ ಒಬ್ಬರನ್ನು ಇಲ್ಲಿ ನೆನೆಯಬೇಕು. ಅವರು ಪಂಚಾಕ್ಷರ ಗವಾಯಿಗಳು. 1892ರಲ್ಲಿ ಹುಟ್ಟಿದ ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಆದರೂ ಕರ್ನಾಟಕ ಸಂಗೀತ, ಹಿಂದುಸ್ತಾನಿ ಸಂಗೀತ ಎರಡನ್ನೂ ಕರಗತ ಮಾಡಿಕೊಂಡರು. ಮುಂದೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿ ಅಂಧ ಮತ್ತು ಅನಾಥ ಮಕ್ಕಳಿಗೆ ಸಂಗೀತ ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಆ ಹೊಣೆ ಹೊತ್ತವರು ಅವರ ಶಿಷ್ಯ, ಅವರಂತೆಯೇ ಅಂಧರಾದ ಪುಟ್ಟರಾಜ ಗವಾಯಿಗಳು.

ಈಗ ಯೋಚಿಸಿ. ಆ ದಿನಗಳಲ್ಲಿ ಈ ಭಾಗದ ಸಂಗೀತದ ವಿದ್ಯಾರ್ಥಿಗೆ ಧ್ವನಿಮುದ್ರಣ ಯಂತ್ರವಿರಲಿಲ್ಲ. ಕಣ್ಣಿಲ್ಲದವನಿಗೆ ನೋಟ್‌ಬುಕ್ಕಿನ ಪ್ರಶ್ನೆಯೇ ಇಲ್ಲ. ಗುರು ಒಂದು ಚೀಜನ್ನು ಹಾಡುತ್ತಾನೆ, ಶಿಷ್ಯ ಕೇಳುತ್ತಾನೆ. ಕೇಳಿದ್ದನ್ನು ಕೂಡಲೇ ಹಾಡಿ ತೋರಿಸಬೇಕು. ತಪ್ಪಿದರೆ ಗುರು ತಿದ್ದುತ್ತಾನೆ. ಸಂಜೆ ಮತ್ತೊಮ್ಮೆ, ಮರುದಿನ ಬೆಳಿಗ್ಗೆ ಇನ್ನೊಮ್ಮೆ, ಎಂಟು ದಿನ ಬಿಟ್ಟು ಮಗುದೊಮ್ಮೆ. ಹೊರಗೆ ಎಲ್ಲಿಯೂ ಇಡಲು ಜಾಗವಿಲ್ಲದ ಕಾರಣ ವಿದ್ಯೆ ಒಳಗೇ ಹೋಗಿ ಕೂಡಬೇಕಾಗಿತ್ತು.

ನಮ್ಮ ಬಿ.ಕಾಂ. ವಿದ್ಯಾರ್ಥಿನಿಯ ಕಥೆ ಇದಕ್ಕೆ ತಿರುವುಮುರುವು. ಅವಳಿಗೆ ಇಡಲು ಬೇಕಾದಷ್ಟು ಜಾಗವಿದೆ. ಆದ್ದರಿಂದ ಒಳಗೆ ಇಟ್ಟುಕೊಳ್ಳುವ ಕೆಲಸವೇ ಆಗುತ್ತಿಲ್ಲ.

ನಿಧಾನದ ಸಲಕರಣೆಗಳು

ಟಿಪ್ಪಣಿ ಬರೆಯುವ ಸಲಕರಣೆ ನಮ್ಮ ನಾಡಿಗೆ ಹೊಸದಲ್ಲ. ತಾಡವೋಲೆಯನ್ನೇ ತೆಗೆದುಕೊಳ್ಳಿ. ಒಣಗಿಸಿ ಹದಮಾಡಿದ ಗರಿಯ ಮೇಲೆ ಕಬ್ಬಿಣದ ಕಂಠದಿಂದ ಅಕ್ಷರ ಕೊರೆಯಬೇಕು. ಕೊರೆದದ್ದು ಕಣ್ಣಿಗೆ ಕಾಣಿಸಲು ಮೇಲೆ ಮಸಿ ತೀಡಬೇಕು. ಒಂದು ಗರಿ ತುಂಬುವಷ್ಟರಲ್ಲಿ ಬೆರಳು ನೋಯುತ್ತದೆ. ಇಂತಹ ಸಲಕರಣೆ ಹಿಡಿದವನು ಬೇಡದ ಒಂದು ಶಬ್ದವನ್ನೂ ಬರೆಯುವುದಿಲ್ಲ.

ಇನ್ನೊಂದು ಕಡತ. ಇಂದು ಕಚೇರಿಯಲ್ಲಿ ಫೈಲಿಗೆ ನಾವು ಕಡತ ಎನ್ನುತ್ತೇವೆ. ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಹುಣಸೆಬೀಜದ ಅಂಟಿಗೆ ಇದ್ದಿಲಿನ ಪುಡಿ ಬೆರೆಸಿ ಬಟ್ಟೆಗೆ ಬಳಿದು ಒಣಗಿಸುತ್ತಿದ್ದರು. ಕಪ್ಪಾದ ಆ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಮೇಲೆ ಬಿಳಿಯ ಬಳಪದಿಂದ ಬರೆಯುತ್ತಿದ್ದರು. ಲೆಕ್ಕಪತ್ರಕ್ಕೆ, ದಾಖಲೆಗೆ ಇದು ಬಳಕೆಯಲ್ಲಿತ್ತು. ಬೇಡವಾದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಇಂದಿನ ಟ್ಯಾಬ್ಲೆಟ್ಟಿನ ತಾತ ಎಂದರೂ ತಪ್ಪಿಲ್ಲ. ಆಮೇಲೆ ಬಂದದ್ದು ಶಾಲೆಯ ಕಲ್ಲಿನ ಪಾಟಿ. ಅಂಗೈಯಗಲದ ಜಾಗ, ತುಂಬಿದರೆ ಅಳಿಸಲೇಬೇಕು. ಅಳಿಸುವ ಮುನ್ನ ಬಾಯಿಪಾಠ ಆಗಲೇಬೇಕು.

ಈ ಮೂರೂ ಸಲಕರಣೆಗಳಲ್ಲಿ ಒಂದು ಗುಣ ಸಮಾನವಾಗಿದೆ. ಇವು ನಿಧಾನ, ಇವುಗಳಲ್ಲಿ ಜಾಗ ಕಡಿಮೆ. ಹೀಗಾಗಿ ಬರೆಯುವವನು ಯಾವುದು ಮುಖ್ಯ, ಯಾವುದನ್ನು ಬಿಡಬಹುದು ಎಂದು ಮೊದಲು ತೀರ್ಮಾನಿಸಬೇಕಿತ್ತು. ಕಲಿಕೆಯ ಬಹುಪಾಲು ನಡೆಯುವುದು ಆ ತೀರ್ಮಾನದಲ್ಲಿಯೇ. ಮೊಬೈಲಿನ ಕ್ಯಾಮರಾ ಈ ತೀರ್ಮಾನದಿಂದ ನಮ್ಮನ್ನು ಪಾರುಮಾಡುತ್ತದೆ. ಅದರ ಅನುಕೂಲವೂ ಅದೇ, ಅಪಾಯವೂ ಅದೇ.

ಮನಸ್ಸು ಕೆಲಸ ಮಾಡುವ ರೀತಿ

ಮನಸ್ಸು ಕಲಿತದ್ದನ್ನು ಹೇಗೆ ಮರೆಯುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ ಎಂಬ ವಿಜ್ಞಾನಿ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಅರ್ಥವಿಲ್ಲದ ಅಕ್ಷರಪುಂಜಗಳನ್ನು ಬಾಯಿಪಾಠ ಮಾಡುವುದು, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಯಿತೆಂದು ಅಳೆಯುವುದು, ಇದು ಅವನ ಕ್ರಮ. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಅತಿ ವೇಗವಾಗಿ ನಡೆಯುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂದು ಅವನಿಗೆ ತಿಳಿಯಿತು. ಬಿಟ್ಟು ಬಿಟ್ಟು ಮತ್ತೆ ಕಲಿತರೆ ಹೆಚ್ಚು ನಿಲ್ಲುತ್ತದೆ ಎಂಬುದೂ ತಿಳಿಯಿತು. ಅಂದರೆ ಇಂದಿನ ಪಾಠವನ್ನು ಇಂದು ಸಂಜೆ ಹತ್ತು ನಿಮಿಷ ನೆನಪಿಸಿಕೊಂಡರೆ ಸಿಗುವ ಲಾಭ, ಮೂರು ತಿಂಗಳ ಮೇಲೆ ಎರಡು ಗಂಟೆ ಕೂತರೂ ಸಿಗಲಿಕ್ಕಿಲ್ಲ.

ಎರಡನೆಯ ಮಾತು 2006ರದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಕೊಟ್ಟರು. ಕೆಲವರು ಅದನ್ನು ಮತ್ತೆ ಓದಿದರು. ಇನ್ನು ಕೆಲವರು ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಮುಚ್ಚಿ ಬರೆದವರು ಮುಂದಾಗಿದ್ದರು. ಗುರುವಿನ ಮುಂದೆ ಹಾಡಿ ತೋರಿಸುತ್ತಿದ್ದ ಸಂಗೀತದ ಶಿಷ್ಯ ಮಾಡುತ್ತಿದ್ದದ್ದೂ ಇದನ್ನೇ ಅಲ್ಲವೇ?

ಮೂರನೆಯದು ಕೈಬರಹದ ಪ್ರಶ್ನೆ. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಮುಲ್ಲರ್ ಮತ್ತು ಓಪನ್‌ಹೈಮರ್ ಅವರ ಅಧ್ಯಯನ ಬಹಳ ಹೆಸರಾಯಿತು. ಲ್ಯಾಪ್‌ಟಾಪಿನಲ್ಲಿ ಟಿಪ್ಪಣಿ ಮಾಡಿದವರು ಹೆಚ್ಚು ಶಬ್ದ ಬರೆದಿದ್ದರು. ಆದರೆ ಕೇಳಿದ್ದನ್ನು ಕೇಳಿದಂತೆಯೇ ಇಳಿಸಿದ್ದರು. ಅರ್ಥ ಮಾಡಿಕೊಂಡು ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ಕೈಯಿಂದ ಬರೆದವರೇ ಮೇಲಾದರು. 2019ರಲ್ಲಿ ಬೇರೆಯವರು ಇದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಈ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಆದ್ದರಿಂದ ಪೆನ್ನು ಒಳ್ಳೆಯದು, ಕೀಲಿಮಣೆ ಕೆಟ್ಟದ್ದು ಎಂದು ತೀರ್ಪು ಕೊಡುವಂತಿಲ್ಲ. ಯಾವುದರಿಂದ ಬರೆದರೂ ನಿಮ್ಮ ಮಾತಿನಲ್ಲಿ ಬರೆಯಿರಿ ಎಂಬುದಷ್ಟೇ ಇದರಿಂದ ತೆಗೆದುಕೊಳ್ಳಬೇಕಾದ ಪಾಠ.

ಒಂದು ಹಾಳೆ, ಮೂರು ಭಾಗ

'ನಮ್ಮ ಮಾತಿನಲ್ಲಿ ಬರೆಯುವುದು ಹೇಗೆ? ಪಾಠ ಇಂಗ್ಲಿಷಿನಲ್ಲಿದೆಯಲ್ಲ' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಾಠ ಹೇಳುವವರು ನಿಮಿಷಕ್ಕೆ ನೂರಕ್ಕೂ ಹೆಚ್ಚು ಶಬ್ದ ಆಡುತ್ತಾರೆ. ಕೈ ಬರೆಯುವುದು ಅದರ ಕಾಲುಭಾಗದಷ್ಟು. ಎಲ್ಲವನ್ನೂ ಬರೆಯಲು ಹೋದರೆ ಕೈಯೂ ಸೋಲುತ್ತದೆ, ಕಿವಿಯೂ ಮುಚ್ಚುತ್ತದೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಎಂಬ ಪ್ರಾಧ್ಯಾಪಕರು ಇದಕ್ಕೊಂದು ಸರಳ ಕ್ರಮವನ್ನು ಬಳಕೆಗೆ ತಂದರು. 1962ರಲ್ಲಿ ಬಂದ ಅವರ ಪುಸ್ತಕದ ಮೂಲಕ ಅದು ಜಗತ್ತಿಗೆಲ್ಲ ಹರಡಿತು. ಇದಕ್ಕೆ ಬೇಕಾದದ್ದು ಸಾಧಾರಣ ನೋಟ್‌ಬುಕ್ಕಿನ ಒಂದು ಹಾಳೆ ಮಾತ್ರ. ಎಡಗಡೆ ನಾಲ್ಕು ಬೆರಳಗಲ ಬಿಟ್ಟು ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆಯಿರಿ. ಕೆಳಗಡೆಯೂ ನಾಲ್ಕು ಬೆರಳಗಲ ಬಿಟ್ಟು ಅಡ್ಡಗೆರೆ ಎಳೆಯಿರಿ. ಬಲಗಡೆಯ ದೊಡ್ಡ ಜಾಗದಲ್ಲಿ ತರಗತಿಯಲ್ಲಿ ಕೇಳಿದ್ದನ್ನು ತುಂಡು ತುಂಡಾಗಿ ಬರೆಯಬೇಕು. ಎಡಗಡೆಯ ಪಟ್ಟಿಯಲ್ಲಿ ಅದೇ ಸಂಜೆ ಆ ಮಾತುಗಳಿಗೆ ಪ್ರಶ್ನೆಗಳನ್ನು ಬರೆಯಬೇಕು. ಕೆಳಗಿನ ಜಾಗದಲ್ಲಿ ಇಡೀ ಪಾಠದ ಸಾರವನ್ನು ಎರಡು ಮೂರು ಸಾಲುಗಳಲ್ಲಿ ಹೇಳಬೇಕು.

ನಮ್ಮ ಇಳಕಲ್ಲಿನ ವಿದ್ಯಾರ್ಥಿನಿಗೆ ಇಂದು 'ಬ್ರೇಕ್ ಈವನ್ ಪಾಯಿಂಟ್' ಪಾಠ ಎಂದಿಟ್ಟುಕೊಳ್ಳೋಣ. ಲಾಭವೂ ಇಲ್ಲ, ನಷ್ಟವೂ ಇಲ್ಲ ಎನ್ನುವ ಹಂತ ತಲುಪಲು ಎಷ್ಟು ಮಾರಬೇಕು ಎಂಬ ಲೆಕ್ಕ ಅದು. ಬಲಗಡೆ ಅವಳು ಇಂಗ್ಲಿಷಿನ ಪಾರಿಭಾಷಿಕ ಶಬ್ದಗಳನ್ನು ಹಾಗೆಯೇ ಇಟ್ಟುಕೊಳ್ಳಲಿ. 'ಫಿಕ್ಸೆಡ್ ಕಾಸ್ಟ್', 'ವೇರಿಯಬಲ್ ಕಾಸ್ಟ್'. ಪರೀಕ್ಷೆಯಲ್ಲಿ ಅವು ಬೇಕು. ಪಕ್ಕದಲ್ಲಿ ಕನ್ನಡದಲ್ಲಿ ಬರೆಯಲಿ: ಮಗ್ಗದ ಜಾಗದ ಬಾಡಿಗೆ ಸೀರೆ ನೇಯ್ದರೂ ಕೊಡಬೇಕು, ನೇಯದಿದ್ದರೂ ಕೊಡಬೇಕು, ಅದು ಫಿಕ್ಸೆಡ್. ನೂಲು ಮತ್ತು ಬಣ್ಣದ ಖರ್ಚು ನೇಯ್ದಷ್ಟು ಮಾತ್ರ, ಅದು ವೇರಿಯಬಲ್. ಲೆಕ್ಕಕ್ಕಾಗಿ ತಿಂಗಳ ಸ್ಥಿರ ಖರ್ಚು 6000 ರೂಪಾಯಿ, ಒಂದು ಸೀರೆಯ ಬೆಲೆ 2000, ಅದರ ನೂಲು, ಬಣ್ಣ, ಕೂಲಿ 1400 ಎಂದಿರಲಿ. ಒಂದು ಸೀರೆಯಲ್ಲಿ ಉಳಿಯುವುದು 600. ಆರು ಸಾವಿರವನ್ನು ಆರುನೂರರಿಂದ ಭಾಗಿಸಿದರೆ ಹತ್ತು. ಹತ್ತು ಸೀರೆ ಮಾರಿದರೆ ಖರ್ಚು ಹುಟ್ಟಿತು. ಹನ್ನೊಂದನೆಯ ಸೀರೆಯಿಂದ ಲಾಭ.

ಎಡಗಡೆ ಅವಳು ಬರೆಯುವ ಪ್ರಶ್ನೆ: 'ನೂಲಿನ ಬೆಲೆ ಏರಿದರೆ ಈ ಹತ್ತು ಎಷ್ಟಾಗುತ್ತದೆ?' ಇಂತಹ ಪ್ರಶ್ನೆ ಹಲಗೆಯ ಮೇಲೆ ಇರಲಿಲ್ಲ, ಫೋಟೋದಲ್ಲಿಯೂ ಇರಲಾರದು. ಇದು ಅವಳ ಮನೆಯಿಂದ ಬಂದದ್ದು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ತರಗತಿಯ ಪಾಠಕ್ಕೂ ನಿಮಗೆ ಮೊದಲೇ ಗೊತ್ತಿರುವುದಕ್ಕೂ ಅಂತಹ ಕೊಂಡಿ ಹಾಕುವ ಕೆಲಸವೇ ಟಿಪ್ಪಣಿ. ಆ ಕೊಂಡಿಯನ್ನು ಯಂತ್ರ ನಿಮಗಾಗಿ ಹಾಕಿಕೊಡಲಾರದು.

ಯಾವ ಸಲಕರಣೆಗೆ ಯಾವ ಕೆಲಸ?

ಹಾಗೆಂದು ಮೊಬೈಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕೆಂದಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯ 'ಸಂವೇದ' ಪಾಠಗಳು ಮನೆ ಮನೆಗೆ ತಲುಪಿದವು. 2021ರಲ್ಲಿ ರಾಜ್ಯ ಸರ್ಕಾರ ತನ್ನ ಪದವಿ, ಪಾಲಿಟೆಕ್ನಿಕ್ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಕೊಡುವ ಯೋಜನೆ ಹಮ್ಮಿಕೊಂಡಿತು. ಸಲಕರಣೆ ಹಳ್ಳಿಗೂ ಬಂದಿದೆ. ಅದಕ್ಕೆ ಸರಿಯಾದ ಕೆಲಸ ಹಚ್ಚುವುದಷ್ಟೇ ಉಳಿದಿದೆ.

ಕ್ಯಾಮರಾ: ನಕ್ಷೆ, ಚಿತ್ರ, ಉದ್ದನೆಯ ಕೋಷ್ಟಕ ಇವುಗಳಿಗೆ ಫೋಟೋ ಒಳ್ಳೆಯದು. ವಿವರಣೆಗೆ ಒಳ್ಳೆಯದಲ್ಲ. ತೆಗೆದ ಫೋಟೋಗೆ ಅದೇ ದಿನ ಹೆಸರು ಕೊಟ್ಟು, ವಿಷಯಕ್ಕೊಂದರಂತೆ ಬೇರೆ ಬೇರೆ ಫೋಲ್ಡರಿನಲ್ಲಿ ಇಡಿ. ಮರುದಿನದೊಳಗೆ ಟಿಪ್ಪಣಿಗೆ ಇಳಿಯದ ಫೋಟೋವನ್ನು ಅಳಿಸಿಹಾಕುತ್ತೇನೆ ಎಂಬ ನಿಯಮ ಮಾಡಿಕೊಂಡು ನೋಡಿ. ಪಾಟಿಯ ಕಾಲದ ಶಿಸ್ತು ತಾನಾಗಿ ಮರಳುತ್ತದೆ.

ಧ್ವನಿಮುದ್ರಣ: ಮೊದಲು ಪ್ರಾಧ್ಯಾಪಕರ ಅನುಮತಿ ಕೇಳಿ. ಅವರ ಮಾತು ಅವರದು. ಅನುಮತಿ ಸಿಕ್ಕರೂ ಇಡೀ ಪಾಠವನ್ನು ಮತ್ತೆ ಕೇಳಲು ನಿಮಗೆ ಸಮಯ ಎಲ್ಲಿದೆ? ದಿನಕ್ಕೆ ಐದು ಗಂಟೆ ಪಾಠವಾದರೆ ಮತ್ತೆ ಐದು ಗಂಟೆ ಬೇಕು. ಆದ್ದರಿಂದ ತಿಳಿಯದ ಮಾತು ಬಂದಾಗ ನೋಟ್‌ಬುಕ್ಕಿನ ಅಂಚಿನಲ್ಲಿ ಸಮಯ ಗುರುತು ಹಾಕಿಕೊಳ್ಳಿ. ಮುದ್ರಣ ಶುರುವಾಗಿ 22 ನಿಮಿಷವಾಗಿದ್ದರೆ '22' ಎಂದು ಬರೆಯಿರಿ. ಸಂಜೆ ಆ ಎರಡು ನಿಮಿಷಗಳನ್ನು ಮಾತ್ರ ಕೇಳಿ.

ಮಾತಿನಿಂದ ಬರಹ: 2017ರಿಂದ ಮೊಬೈಲಿನಲ್ಲಿ ಗೂಗಲ್‌ನ ಕೀಲಿಮಣೆಗೆ ಕನ್ನಡದಲ್ಲಿ ಹೇಳಿದರೆ ಅದು ಬರೆದುಕೊಳ್ಳುತ್ತದೆ. ಇದನ್ನು ತರಗತಿಯ ಪಾಠ ಹಿಡಿಯಲು ಬಳಸುವುದಕ್ಕಿಂತ, ಸಂಜೆ ಪುಸ್ತಕ ಮುಚ್ಚಿ ನೆನಪಿದ್ದನ್ನು ಜೋರಾಗಿ ಹೇಳಲು ಬಳಸಿ. ಹೇಳಿದ್ದು ಬರಹವಾಗುತ್ತದೆ, ಎಲ್ಲಿ ತಡವರಿಸಿದಿರಿ ಎಂಬುದೂ ಕಾಣುತ್ತದೆ.

ನಿಘಂಟು ಮತ್ತು ಅನುವಾದ: ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ಆರಂಭಿಸಿದ 'ಭಾರತವಾಣಿ'ಯಲ್ಲಿ ಅನೇಕ ನಿಘಂಟುಗಳು ಉಚಿತವಾಗಿ ಸಿಗುತ್ತವೆ. ಯಂತ್ರದ ಅನುವಾದವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಅರ್ಥಶಾಸ್ತ್ರದ 'ಕ್ಯಾಪಿಟಲ್' ಬಂಡವಾಳವಾಗುವ ಬದಲು ರಾಜಧಾನಿಯಾದೀತು. 'ಇಂಟರೆಸ್ಟ್' ಬಡ್ಡಿಯಾಗುವ ಬದಲು ಆಸಕ್ತಿಯಾದೀತು.

ಪ್ರಶ್ನೆಚೀಟಿ: ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ ಬರೆದ ಚೀಟಿಗಳನ್ನು ಡಬ್ಬಿಗಳಲ್ಲಿ ಜೋಡಿಸುವ ಕ್ರಮವನ್ನು ಸೆಬಾಸ್ಟಿಯನ್ ಲೈಟ್ನರ್ ಎಂಬವರು 1972ರಲ್ಲಿ ತಮ್ಮ ಜರ್ಮನ್ ಪುಸ್ತಕದಲ್ಲಿ ವಿವರಿಸಿದರು. ಸರಿಯುತ್ತರ ಬಂದ ಚೀಟಿ ಮುಂದಿನ ಡಬ್ಬಿಗೆ ಹೋಗುತ್ತದೆ, ತಡವಾಗಿ ಮರಳಿ ಬರುತ್ತದೆ. ತಪ್ಪಿದ ಚೀಟಿ ಮೊದಲ ಡಬ್ಬಿಗೆ ಬಂದು ನಾಳೆಯೇ ಎದುರಾಗುತ್ತದೆ. 2006ರಲ್ಲಿ ಬಂದ 'ಆಂಕಿ' ಎಂಬ ತಂತ್ರಾಂಶ ಇದೇ ರೀತಿಯ ಕೆಲಸವನ್ನು ಗಣಕಯಂತ್ರದಲ್ಲಿ, ಮೊಬೈಲಿನಲ್ಲಿ ಮಾಡುತ್ತದೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ಅದು ಉಚಿತ. ಮೊಬೈಲು ಇಲ್ಲದಿದ್ದರೆ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡಿಕೊಂಡರೂ ಫಲ ಅದೇ.

ಕೃತಕ ಬುದ್ಧಿಮತ್ತೆ: 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಯಂತ್ರಗಳು ವಿದ್ಯಾರ್ಥಿಗಳ ಕೈಗೆ ಬಂದಿವೆ. ಇವು ತಪ್ಪನ್ನೂ ಬಹಳ ಧೈರ್ಯದಿಂದ ಹೇಳುತ್ತವೆ. ಇಸವಿ, ಅಂಕಿ, ಹೆಸರುಗಳನ್ನು ಪಠ್ಯಪುಸ್ತಕದೊಂದಿಗೆ ತಾಳೆ ನೋಡದೆ ಬರೆದುಕೊಳ್ಳಬೇಡಿ. 'ನನಗೆ ಟಿಪ್ಪಣಿ ಬರೆದುಕೊಡು' ಎಂದು ಕೇಳುವುದಕ್ಕಿಂತ 'ಈ ಪಾಠದ ಮೇಲೆ ನನಗೆ ಐದು ಪ್ರಶ್ನೆ ಕೇಳು' ಎಂದು ಹೇಳಿ. ಆಗ ಉತ್ತರ ಹುಡುಕುವ ಕೆಲಸ ನಿಮಗೇ ಉಳಿಯುತ್ತದೆ.

ನೀರು ಬಂದರೂ ಉಳಿಯಬೇಕು

ಸಂಗ್ರಹದ ವಿಷಯದಲ್ಲಿ ಮಾತ್ರ ಹೊಸ ಸಲಕರಣೆಗಳನ್ನು ಮೀರಿಸುವುದು ಹಳೆಯವುಗಳಿಗೆ ಆಗದು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದದ್ದು ಈ ಭಾಗದವರಿಗೆ ನೆನಪಿದೆ. ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೂ ನೀರು ನುಗ್ಗಿತ್ತು. ಅಂತಹ ಹೊತ್ತಿನಲ್ಲಿ ಜನ ಮೊದಲು ಜೀವ, ಆಮೇಲೆ ದನಕರು, ಆಮೇಲೆ ಕಾಳುಕಡಿ ನೋಡುತ್ತಾರೆ. ಗೂಡಿನಲ್ಲಿಟ್ಟ ನೋಟ್‌ಬುಕ್ಕು, ಅಂಕಪಟ್ಟಿ ನೆನಪಾಗುವುದು ನೀರು ಇಳಿದ ಮೇಲೆ.

ಆದ್ದರಿಂದ ಕೈಯಿಂದ ಬರೆದ ಟಿಪ್ಪಣಿಯನ್ನು ವಾರಕ್ಕೊಮ್ಮೆ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಅಂತರ್ಜಾಲದ ಖಾತೆಗೆ ಏರಿಸಿಡಿ. ಗೂಗಲ್ ಖಾತೆಯೊಂದಕ್ಕೆ 15 ಜಿ.ಬಿ. ಜಾಗ ಉಚಿತವಾಗಿ ಸಿಗುತ್ತಾ ಬಂದಿದೆ. 2021ರ ಜೂನ್‌ನಿಂದ ಫೋಟೋಗಳೂ ಆ ಲೆಕ್ಕಕ್ಕೇ ಸೇರುತ್ತವೆ. ಹೀಗಾಗಿ ಕಂಡದ್ದನ್ನೆಲ್ಲ ತುಂಬಬೇಡಿ. ಅಂಕಪಟ್ಟಿಯಂತಹ ದಾಖಲೆಗಳಿಗೆ ಕೇಂದ್ರ ಸರ್ಕಾರ 2015ರಲ್ಲಿ ತಂದ 'ಡಿಜಿಲಾಕರ್' ಇದೆ. ಖಾತೆಯ ಪಾಸ್‌ವರ್ಡನ್ನು ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿ. ಮೊಬೈಲು ಕಳೆದುಹೋದರೆ ಓದು ಕಳೆದುಹೋಗಬಾರದು.

ನಿಮ್ಮ ಟಿಪ್ಪಣಿ ಇನ್ನೊಬ್ಬರ ಕಿವಿಗೆ

ಇನ್ನು ಮತ್ತೆ ಗವಾಯಿಗಳ ಕಡೆಗೆ ಬರೋಣ. ಕಣ್ಣಿಲ್ಲದವರಿಗೆ ಸಲಕರಣೆ ಎಂದರೆ ಅನುಕೂಲದ ವಸ್ತುವಲ್ಲ, ಓದಿನ ಬಾಗಿಲೇ ಅದು. ಫ್ರಾನ್ಸಿನ ಲೂಯಿ ಬ್ರೈಲ್ ತಾನು ರೂಪಿಸಿದ ಉಬ್ಬುಚುಕ್ಕೆಗಳ ಲಿಪಿಯನ್ನು 1829ರಲ್ಲಿ ಪ್ರಕಟಿಸಿದ. ಆರು ಚುಕ್ಕೆಗಳ ಒಂದು ಮನೆ. ಯಾವ ಚುಕ್ಕೆ ಉಬ್ಬಿದೆ ಎಂಬುದರ ಮೇಲೆ ಅಕ್ಷರ. ಭಾರತೀಯ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ಒಪ್ಪಿತವಾಯಿತು. ದಪ್ಪ ಕಾಗದವನ್ನು ಚೌಕಟ್ಟಿಗೆ ಸಿಕ್ಕಿಸಿ ಮೊನೆಯಿರುವ ಕಡ್ಡಿಯಿಂದ ಚುಚ್ಚಿ ಬರೆಯುತ್ತಾರೆ. ಬರೆಯುವುದು ಬಲದಿಂದ ಎಡಕ್ಕೆ; ಕಾಗದ ತಿರುಗಿಸಿ ಬೆರಳಿನಿಂದ ಓದುವುದು ಎಡದಿಂದ ಬಲಕ್ಕೆ. ಓಲೆಯ ಮೇಲಿನ ಕಂಠದ ಕೆಲಸದಷ್ಟೇ ತಾಳ್ಮೆ ಇದಕ್ಕೂ ಬೇಕು. ಪುಟ್ಟರಾಜ ಗವಾಯಿಗಳು ಬ್ರೈಲ್ ಬಲ್ಲವರಾಗಿದ್ದರು. ಕನ್ನಡ, ಸಂಸ್ಕೃತ, ಹಿಂದಿ ಮೂರೂ ಭಾಷೆಗಳಲ್ಲಿ ಗ್ರಂಥ ರಚಿಸಿದರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಪಡೆದ ಅವರು ಅದೇ ವರ್ಷ ತೀರಿಕೊಂಡರು.

ಇಂದು ನಿಮ್ಮ ತರಗತಿಯಲ್ಲಿಯೂ ದೃಷ್ಟಿದೋಷವುಳ್ಳ ಸಹಪಾಠಿ ಇರಬಹುದು. ಅವರ ಮೊಬೈಲಿನಲ್ಲಿ ತೆರೆಯ ಮೇಲಿನ ಬರಹವನ್ನು ಓದಿಹೇಳುವ ವ್ಯವಸ್ಥೆಯಿದೆ. ಗಣಕಯಂತ್ರದಲ್ಲಿ 'ಎನ್‌ವಿಡಿಎ' ಎಂಬ ಉಚಿತ ತಂತ್ರಾಂಶ ಇದೇ ಕೆಲಸ ಮಾಡುತ್ತದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ಯುವಕ 2006ರಲ್ಲಿ ಇದನ್ನು ಆರಂಭಿಸಿದ. ನೀವು ಗುಂಪಿಗೆ ಕಳಿಸುವ ಹಲಗೆಯ ಫೋಟೋ ಈ ಸಹಪಾಠಿಗೆ ಹೆಚ್ಚುಕಡಿಮೆ ಖಾಲಿ ಕಾಗದ. ನೀವು ಟೈಪ್ ಮಾಡಿದ ಟಿಪ್ಪಣಿಯಾದರೆ ಅವರಿಗೆ ಕೇಳಿಸುತ್ತದೆ.

ಇಲ್ಲೊಂದು ತಾಂತ್ರಿಕ ಎಚ್ಚರಿಕೆ. ಟಿಪ್ಪಣಿಯನ್ನು ಯುನಿಕೋಡ್ ಕನ್ನಡದಲ್ಲಿಯೇ ಟೈಪ್ ಮಾಡಿ. ಮೊಬೈಲಿನ ಕನ್ನಡ ಕೀಲಿಮಣೆ ಬರೆಯುವುದು ಯುನಿಕೋಡ್‌ನಲ್ಲಿಯೇ. ಆದರೆ ಹಳೆಯ ಡಿ.ಟಿ.ಪಿ. ಫಾಂಟುಗಳಲ್ಲಿ ಅಕ್ಷರ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಚಿಹ್ನೆಗಳ ರಾಶಿ ಇರುತ್ತದೆ. ಓದುವ ಯಂತ್ರ ಆ ಚಿಹ್ನೆಗಳನ್ನೇ ಬಡಬಡಿಸುತ್ತದೆ. ಯುನಿಕೋಡ್‌ಗೆ ಬದಲಾಯಿಸಿಕೊಡುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ನಿಮ್ಮ ಐದು ನಿಮಿಷದ ಶ್ರಮ ಇನ್ನೊಬ್ಬರ ಇಡೀ ಸೆಮಿಸ್ಟರನ್ನು ಉಳಿಸೀತು. ಜೊತೆಗೆ, ಟೈಪ್ ಮಾಡುವಾಗ ನಿಮಗೂ ಪಾಠ ಮತ್ತೊಮ್ಮೆ ಆಗಿರುತ್ತದೆ.

ಮನೆಗೊಂದೇ ಮೊಬೈಲು ಇದ್ದರೆ

ಪಾಲಕರೂ ಇದನ್ನು ಓದುತ್ತಿರಬಹುದು. ಮೊಬೈಲು ಮನೆಯವರಿಗೆಲ್ಲ ಒಂದೇ ಆಗಿದ್ದರೆ ಅದು ಓದಿಗೆ ಅಡ್ಡಿಯಾಗಲೇಬೇಕೆಂದಿಲ್ಲ. ಮಗಳು ಮೊಬೈಲು ಹಿಡಿದಾಗಲೆಲ್ಲ ಆಟವಾಡುತ್ತಿದ್ದಾಳೆ ಎಂದು ತಿಳಿಯಬೇಡಿ. ಓದುತ್ತಿದ್ದಾಳೆ ಎಂದು ನಂಬಿಬಿಡಲೂ ಬೇಡಿ. 'ಇವತ್ತು ಏನು ಪಾಠ ಆಯಿತು, ನನಗೆ ತಿಳಿಯುವ ಹಾಗೆ ಹೇಳವ್ವಾ' ಎಂದು ಕೇಳಿ. ನಿಮಗೆ ಆ ವಿಷಯ ಗೊತ್ತಿರಬೇಕಾಗಿಲ್ಲ. ತಂದೆಗೆ ಮಗ್ಗದ ಲೆಕ್ಕದಲ್ಲಿ ಬ್ರೇಕ್ ಈವನ್ ವಿವರಿಸಬಲ್ಲ ಮಗಳು ಪರೀಕ್ಷೆಯಲ್ಲಿಯೂ ವಿವರಿಸಬಲ್ಲಳು.

ವಿದ್ಯಾರ್ಥಿಗಳಿಗೆ ಒಂದು ಸಲಹೆ. ಮೊಬೈಲು ನಿಮ್ಮ ಕೈಗೆ ಬರುವ ಮುಂಚೆ, ಅದರಲ್ಲಿ ಮಾಡಬೇಕಾದ ಕೆಲಸಗಳನ್ನು ಕಾಗದದ ಮೇಲೆ ಪಟ್ಟಿ ಮಾಡಿಕೊಳ್ಳಿ. ಎರಡು ಶಬ್ದಗಳ ಅರ್ಥ, ಒಂದು ಫೋಟೋ, ಧ್ವನಿಮುದ್ರಣದ ಮೂರು ನಿಮಿಷ, ಹೀಗೆ. ಪಟ್ಟಿ ಮುಗಿದ ಕೂಡಲೇ ತಿರುಗಿ ಕೊಟ್ಟುಬಿಡಿ. ಬರೆಯುವಾಗ ಅದು ಬೇರೆ ಕೋಣೆಯಲ್ಲಿರಲಿ.

ನೆನಪಿಡಿ

ತರಗತಿಯಲ್ಲಿ ಎಲ್ಲವನ್ನೂ ಬರೆಯಬೇಡಿ, ಆಯ್ದು ಬರೆಯಿರಿ.

ಪಾರಿಭಾಷಿಕ ಶಬ್ದ ಇಂಗ್ಲಿಷಿನಲ್ಲಿರಲಿ, ಅದರ ಅರ್ಥ ನಿಮ್ಮ ಕನ್ನಡದಲ್ಲಿರಲಿ.

ಅದೇ ಸಂಜೆ ಪುಸ್ತಕ ಮುಚ್ಚಿ ಹತ್ತು ನಿಮಿಷ ನೆನಪಿಸಿಕೊಳ್ಳಿ. ಮರುದಿನ, ವಾರದ ನಂತರ, ತಿಂಗಳ ನಂತರ ಮತ್ತೆ ನೆನಪಿಸಿಕೊಳ್ಳಿ.

ಫೋಟೋಗೆ ಅದೇ ದಿನ ಹೆಸರಿಡಿ, ಇಲ್ಲವೇ ಅಳಿಸಿ.

ಅನುಮತಿಯಿಲ್ಲದೆ ಯಾರ ಮಾತನ್ನೂ ಮುದ್ರಿಸಬೇಡಿ.

ಟಿಪ್ಪಣಿಯ ಒಂದು ಪ್ರತಿ ಮನೆಯ ಹೊರಗೆ, ಅಂತರ್ಜಾಲದಲ್ಲಿರಲಿ.

ಟೈಪ್ ಮಾಡಿದ್ದು ಯುನಿಕೋಡ್‌ನಲ್ಲಿರಲಿ.

ಓದಿ ಆಚರಣೆಗೆ ಬಾರದ್ದನ್ನು ನಮ್ಮವರು ಪುಸ್ತಕದ ಬದನೆಕಾಯಿ ಎನ್ನುತ್ತಿದ್ದರು. ಈಗ ಮೊಬೈಲಿನ ಬದನೆಕಾಯಿಯೂ ಸೇರಿಕೊಂಡಿದೆ. ಪರೀಕ್ಷಿಸಿ ನೋಡುವುದು ಸುಲಭ. ಇಂದು ರಾತ್ರಿ ಊಟವಾದ ಮೇಲೆ ನಿಮ್ಮ ಮೊಬೈಲಿನಲ್ಲಿರುವ ಹಲಗೆಯ ಫೋಟೋ ಒಂದನ್ನು ತೆಗೆಯಿರಿ. ಒಮ್ಮೆ ನೋಡಿ, ಮೊಬೈಲನ್ನು ಬೋರಲಾಗಿ ಇಡಿ. ಮನೆಯವರಲ್ಲಿ ಒಬ್ಬರನ್ನು ಎದುರಿಗೆ ಕೂಡಿಸಿಕೊಂಡು ಆ ಪಾಠವನ್ನು ಕನ್ನಡದಲ್ಲಿ ಹೇಳಿ. ಎಲ್ಲಿ ಮಾತು ನಿಲ್ಲುತ್ತದೆಯೋ ನಾಳೆ ತರಗತಿಯಲ್ಲಿ ಅಲ್ಲಿಂದಲೇ ಪ್ರಶ್ನೆ ಕೇಳಿ.